ಬಹುಮಾನವೋ, ಕೂಲಿಯೋ?

ಐದು ವರ್ಷದ ಮಗುವಿಗೆ ಒಂದು ಸಣ್ಣ ಕೆಲಸ ಹೇಳಿ, "ಮಾಡಿದರೆ ಏನಾದರೂ ಕೊಡುತ್ತೇನೆ" ಎಂದು ಆಸೆ ತೋರಿಸದ ತಾಯ್ತಂದೆಗಳು ಅಪರೂಪ. ಹೀಗೆ ಕೊಡುವುದು ಸರಿಯೆ, ತಪ್ಪೆ ಎಂಬ ಸಂದೇಹವೂ ಅವರನ್ನು ಬಿಟ್ಟಿಲ್ಲ. ಕನ್ನಡ ಪಾಠ ಹೇಳುವವನಾದ ನನಗೆ, ಉತ್ತರವು ಮೂರು ಶಬ್ದಗಳಲ್ಲಿ ಅಡಗಿದೆಯೆಂದು ತೋರುತ್ತದೆ: ಬಹುಮಾನ, ಕೂಲಿ, ಲಂಚ. ಮೂರರಲ್ಲಿಯೂ ಒಂದು ಕೈ ಕೊಡುತ್ತದೆ, ಇನ್ನೊಂದು ಕೈ ತೆಗೆದುಕೊಳ್ಳುತ್ತದೆ. ಆದರೂ ಮೂರೂ ಬೇರೆ ಬೇರೆ.

ಬಹುಮಾನವೆಂಬುದನ್ನು ಬಿಡಿಸಿ ನೋಡಿ: ಬಹು, ಮಾನ. ಹೆಚ್ಚಿನ ಗೌರವವೆಂದೇ ಅದರ ಮೂಲಾರ್ಥ. ಕೊಡುವ ವಸ್ತು ಆ ಗೌರವದ ಗುರುತು. ಕೂಲಿ ದುಡಿಮೆಯ ಬೆಲೆ. ಅಳೆದು ಕೊಡತಕ್ಕದ್ದು, ಕೇಳಿ ಪಡೆಯತಕ್ಕದ್ದು. ಲಂಚವಾದರೋ ಬಾಯಿ ಮುಚ್ಚಿಸಲು ಕೊಡುವುದು. ಅಂಗಡಿಯ ಮುಂದೆ ಹಟ ಹಿಡಿದು ಅಳುವ ಮಗುವಿನ ಕೈಗೆ ಮಿಠಾಯಿ ಇಟ್ಟು, "ಇನ್ನು ಮೇಲೆ ಜಾಣನಾಗಿರು" ಎನ್ನುತ್ತೇವಲ್ಲ, ಆಗ ಮಗು ಕಲಿಯುವುದು ಅಳುವಿಗೆ ಎಷ್ಟು ಬೆಲೆಯಿದೆಯೆಂಬುದನ್ನು.

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಮೇಲೂರಿನ ಕಡೆ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಜನರ ಬದುಕು. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಇದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳು ತಿನ್ನುವುದಿಲ್ಲ. ಆಗ ಸೊಪ್ಪು ಹಾಕುವುದನ್ನು ನಿಲ್ಲಿಸಿ, ಹುಳು ಎದ್ದ ಮೇಲೆ ಹಾಕುತ್ತಾರೆ. ಬಹುಮಾನಕ್ಕೂ ಹೀಗೆಯೇ ಹೊತ್ತುಗೊತ್ತು ಉಂಟು. ಹಟದ ಹೊತ್ತಿನಲ್ಲಿ ಕೊಟ್ಟದ್ದು ವ್ಯರ್ಥ. ಕೆಲಸ ಮುಗಿದೊಡನೆ ಕೊಟ್ಟದ್ದು ಮಗುವಿಗೆ ಮೈಗೂಡುತ್ತದೆ.

ಕೊಡುವ ಬಗೆ ಹೇಗೆ? ಒಂದು ಗಾಜಿನ ಭರಣಿ, ಒಂದು ಹಿಡಿ ಹುಣಸೆ ಬೀಜ ಸಾಕು. ತುಳಸಿಗೆ ನೀರು ಹಾಕುವುದು, ಬಾಗಿಲ ಬಳಿಯ ಚಪ್ಪಲಿಗಳನ್ನು ಸಾಲಾಗಿ ಇಡುವುದು, ಹೀಗೆ ಮಗುವಿನ ಕೈಗೆ ಎಟುಕುವ ಒಂದೆರಡು ಕೆಲಸಗಳನ್ನು ಗೊತ್ತುಮಾಡಿ. ಮಾಡಿದ ದಿನ ಮಗುವೇ ಒಂದು ಬೀಜ ಹಾಕಲಿ. ಹತ್ತು ಬೀಜವಾದರೆ ಅಜ್ಜಿಯಿಂದ ಒಂದು ಹೆಚ್ಚಿನ ಕಥೆ, ಅಥವಾ ಅಪ್ಪನೊಡನೆ ಸಂತೆಗೆ ಪಯಣ. ಹೇಳಿದ್ದನ್ನು ಅದೇ ದಿನ ನಡೆಸಿಕೊಡಬೇಕು. ನಾಳೆಯೆಂದರೆ ಮಗುವಿಗೆ ಅದು ಸುಳ್ಳು. ಬೇರೆ ತಪ್ಪಿಗಾಗಿ ಗಳಿಸಿದ ಬೀಜವನ್ನು ಕಿತ್ತುಕೊಳ್ಳಬಾರದು. ದುಡಿದದ್ದು ದುಡಿದವನದು ಎಂಬ ನ್ಯಾಯದ ಮೊದಲ ಪಾಠ ಅದೇ ಅಲ್ಲವೆ?

ಹಾಗಾದರೆ ಪ್ರತಿಯೊಂದಕ್ಕೂ ಬೀಜ ಬೇಕೆ? ಬೇಡ. ತಾನುಂಡ ತಟ್ಟೆ ಎತ್ತಿಡುವುದು, ತನ್ನ ಹೊದಿಕೆ ಮಡಿಸುವುದು ಮನೆಯವರೆಲ್ಲರ ಧರ್ಮ. ಅದಕ್ಕೆ ಬೆಲೆ ಕಟ್ಟಬಾರದು. ಮಗು ತಾನಾಗಿ ಇಷ್ಟಪಟ್ಟು ಮಾಡುವುದಕ್ಕೂ ಬೇಡ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆದು 1973ರಲ್ಲಿ ಪ್ರಕಟವಾದ ಪರೀಕ್ಷೆಯೊಂದಿದೆ. ಚಿತ್ರ ಬರೆಯುವುದರಲ್ಲಿ ಆಸಕ್ತಿಯಿದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಬಹುಮಾನವುಂಟೆಂದು ಮೊದಲೇ ಹೇಳಿ ಕೊಟ್ಟರು. ಕೆಲವು ದಿನಗಳ ಮೇಲೆ ನೋಡಿದರೆ ಆ ಮಕ್ಕಳೇ ಬರೆಯುವುದನ್ನು ಕಡಿಮೆ ಮಾಡಿದ್ದರು. ಹೇಳದೆ ಕೊಟ್ಟವರಲ್ಲಿ ಆ ಕುಂದು ಕಾಣಲಿಲ್ಲ. ಆದುದರಿಂದ ಕೆಲಸ ರೂಢಿಯಾದೊಡನೆ ಬೀಜವನ್ನು ಹೊಸ ಕೆಲಸಕ್ಕೆ ವರ್ಗಾಯಿಸಿ. ಹಳೆಯದಕ್ಕೆ ಒಂದು ಒಳ್ಳೆಯ ಮಾತು ಉಳಿಯಲಿ.

ಬಹುಮಾನ ಸಣ್ಣದಾಗಿರಲಿ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ತಮಗೆ ಗೊತ್ತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳು. ದುಡಿಯುವುದನ್ನು ಕಲಿಸುವ ಮನೆಯಲ್ಲಿ "ಇಷ್ಟು ಸಾಕು" ಎನ್ನುವುದನ್ನೂ ಕಲಿಸಬೇಕು.

ಕೊನೆಗೆ, ನಮ್ಮ ಸೀಮೆಯವರು ಮರೆಯಬಾರದ ಮಾತು. ಕರ್ನಾಟಕದ ರೇಷ್ಮೆ ಉದ್ಯಮದಲ್ಲಿ, ನೂಲು ಬಿಚ್ಚುವ ಬಿಸಿನೀರಿನ ಬಳಿ ಎಳೆಯ ಕೈಗಳು ಶಾಲೆ ಬಿಟ್ಟು ದುಡಿದದ್ದುಂಟು. ಅಲ್ಲಿ ಮಗುವಿನ ಕೆಲಸ ಕೂಲಿಯಾಯಿತು. ಸಾಲ ಮಾಡಿದ ಮನೆಗಳಲ್ಲಿ ಆ ಕೂಲಿ ಸಾಲಕ್ಕೆ ಜಮೆಯಾಯಿತು. 1986ರ ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ಆದ ತಿದ್ದುಪಡಿ, 14 ವರ್ಷ ತುಂಬದವರನ್ನು ಯಾವ ಉದ್ಯೋಗದಲ್ಲಿಯೂ ಇಟ್ಟುಕೊಳ್ಳಬಾರದೆನ್ನುತ್ತದೆ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಮನೆಗೆಲಸಕ್ಕೆ ನೆರವಾಗಲು ಎಡೆಯಿದೆ.

ಬಹುಮಾನಕ್ಕೂ ಕೂಲಿಗೂ ಇರುವ ಗಡಿಯನ್ನು ಕಾನೂನು ನೋಡಿಕೊಳ್ಳಲೆಂದು ಬಿಡದೆ ನಾವೂ ನೋಡಿಕೊಳ್ಳಬೇಕು. ಈ ದಿನ ಮಗು ಕೆಲಸ ಮಾಡದಿದ್ದರೆ ನಷ್ಟ ಯಾರಿಗೆ ಎಂದು ಕೇಳಿಕೊಳ್ಳಿ. ಭರಣಿಯಲ್ಲಿ ಒಂದು ಬೀಜ ಕಡಿಮೆಯಾಗುವುದಷ್ಟೇ ಆದರೆ, ಅದು ಕಲಿಕೆ. ಒಲೆಯ ಮೇಲೆ ಅನ್ನ ಕಡಿಮೆಯಾಗುವುದಾದರೆ, ಆ ಭಾರ ಹೊರತಕ್ಕವರು ದೊಡ್ಡವರು. ಮಗುವಿನ ಹೆಗಲಿಗೆ ಪುಸ್ತಕದ ಚೀಲವೊಂದೇ ಸಾಕು.