ಮನೆ ಕೊಳ್ಳುವುದಕ್ಕೂ ಒಂದು ಹಂಗಾಮು
(ಹುಣಸೂರು ಭಾಗದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳು)



ಬಾಡಿಗೆ ಮನೆಯಲ್ಲೋ, ಅತ್ತೆ ಓರಗಿತ್ತಿಯರ ಜೊತೆ ಒಂದೇ ಸೂರಿನಡಿಯಲ್ಲೋ ಇರುವವರಿಗೆ ಸ್ವಂತದ್ದೊಂದು ಮನೆ ಬೇಕು ಅನ್ನೋ ಆಸೆ ಇದ್ದೇ ಇರುತ್ತೆ. ಮೊದಲು ಸಂಘದಲ್ಲಿ ಕುರಿಗೆ, ಹಸುವಿಗೆ ಸಾಲ ಕೇಳುತ್ತಿದ್ದವರು ಈಗ ಮನೆಯ ಮಾತು ತೆಗೆಯುತ್ತಿದ್ದೀರಿ. ಸಂತೋಷ. ಆದರೆ ನಮ್ಮಂಥ ಬೇಸಾಯದ ಮನೆಯವರು ಯಾವ ಮನೆ ಅನ್ನೋದರ ಜೊತೆಗೆ ಯಾವಾಗ ಅನ್ನೋದನ್ನೂ ಕೇಳಿಕೊಳ್ಳಬೇಕು. ಇವತ್ತು ಅದನ್ನೇ ಮಾತಾಡೋಣ.

ಯುಗಾದಿ ಕಳೆಯಿತು ಅಂತಿಟ್ಟುಕೊಳ್ಳಿ. ಊರಲ್ಲಿ ಒಬ್ಬರು ಮಗಳ ಮದುವೆಗೆ ಹಣ ಬೇಕು ಅಂತ ಮನೆ ಮಾರುತ್ತಾರೆ. ಬೆಲೆ ಆರು ಲಕ್ಷ. ಹೊಗೆಸೊಪ್ಪಿನದ್ದೋ ರಾಗಿಯದ್ದೋ ಸ್ವಲ್ಪ ಹಣ ನಿಮ್ಮ ಖಾತೆಯಲ್ಲಿದೆ. ಒಂದು ಲಕ್ಷ ಮುಂಗಡ ಕೊಟ್ಟು, ಮೂರು ತಿಂಗಳಲ್ಲಿ ಉಳಿದದ್ದು ಕೊಡುತ್ತೇವೆ ಅಂತ ಕರಾರು ಬರೆಯುತ್ತೀರಿ. ಏಪ್ರಿಲ್ ನಡುವೆ ಬರೆದ ಕರಾರಿನ ಗಡುವು ಯಾವಾಗ ಬಂತು? ಜುಲೈ ನಡುವೆ. ಅಷ್ಟರಲ್ಲಿ ಉಳುಮೆ ಆಗಬೇಕು, ಬೀಜ ಗೊಬ್ಬರ ತರಬೇಕು, ನಾಟಿಗೆ, ಕಳೆಗೆ ಆಳಿನ ಕೂಲಿ ಕೊಡಬೇಕು, ಬ್ಯಾರನ್‌ಗೆ ಸೌದೆ ಹೊಂದಿಸಬೇಕು. ಮಕ್ಕಳ ಶಾಲೆಯೂ ಜೂನ್‌ನಲ್ಲೇ. ಖಾತೆಯಲ್ಲಿ ಇದ್ದದ್ದು ಉಳಿತಾಯದ ಹಣ ಅಂದುಕೊಂಡಿದ್ದಿರಿ, ಅದು ಬಿತ್ತನೆ ಹಣ. ಮನೆಗೆ ಕೊಟ್ಟರೆ ಹೊಲ ಬೀಳು. ಹೊಲಕ್ಕೆ ಹಾಕಿದರೆ ಗಡುವು ತಪ್ಪಿ ಮುಂಗಡ ಹೋಗುತ್ತೆ. ಎರಡೂ ಬೇಡ ಅಂತ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ಮಾಡುವವರೂ ಇದ್ದಾರೆ. ತಿಂಗಳಿಗೆ ಮೂರು ಅಂದರೆ ವರ್ಷಕ್ಕೆ ನೂರಕ್ಕೆ 36.

ಮಳೆ ಬಂದರೆ ಇಷ್ಟು ಕಥೆ. ಬಾರದಿದ್ದರೆ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು. ಅಂಥ ವರ್ಷ ಬೇಸಿಗೆಯಲ್ಲಿ ಮನೆಗೆ ಹಣ ಸುರಿದವರ ಕೈಯಲ್ಲಿ ಏನು ಉಳಿದೀತು, ನೀವೇ ಯೋಚಿಸಿ.

ಹಾಗಾಗಿ ನಾನು ಹೇಳೋದು ಇಷ್ಟು. ಮನೆಯನ್ನು ಮಳೆಗಾಲದಲ್ಲಿ ನೋಡಿ, ಕಾಗದ ಪತ್ರ ಅದೇ ಹೊತ್ತಿನಲ್ಲಿ ತೆಗೆಸಿ, ಹಣದ ಗಡುವನ್ನು ಸುಗ್ಗಿ ಆದ ಮೇಲಕ್ಕೆ ಬರೆಸಿ. ನಮ್ಮ ಕಡೆ ಹೊಗೆಸೊಪ್ಪಿನ ಹರಾಜು ಶುರುವಾಗೋದು ಸೆಪ್ಟೆಂಬರ್, ಅಕ್ಟೋಬರ್‌ಗೆ. ರಾಗಿ ಕಣಕ್ಕೆ ಬರೋದು ಅದಾದ ಮೇಲೆ. ಗಡುವು ಜನವರಿ ಕೊನೆ ಅಂತಿದ್ದರೆ ಉಸಿರಾಡಬಹುದು. ಮಾರುವವರು ಒಪ್ಪಲಿಲ್ಲ ಅಂದರೆ ಆ ಮನೆ ಬಿಡಿ. ಊರಲ್ಲಿ ಅದೊಂದೇ ಮನೆ ಅಲ್ಲ.

ಆಷಾಢದಲ್ಲಿ ಮನೆ ಕೊಳ್ಳಬಾರದು ಅಂತಾರೆ. ಕೊಳ್ಳೋದು ಬೇಡ, ನೋಡೋಕೆ ಅದಕ್ಕಿಂತ ಒಳ್ಳೆ ತಿಂಗಳಿಲ್ಲ! ಬೇಸಿಗೆಯಲ್ಲಿ ಸುಣ್ಣ ಬಳಿದ ಗೋಡೆ ಎಲ್ಲವೂ ಚೆಂದವೇ. ಜಡಿಮಳೆ ಹಿಡಿದಾಗ ಹೋಗಿ. ಹೆಂಚು ಎಲ್ಲಿ ಸೋರುತ್ತೆ, ಗೋಡೆ ಬುಡದಲ್ಲಿ ಎಷ್ಟು ಎತ್ತರ ತೇವ ಏರಿದೆ, ತೊಲೆಗೆ ಗೆದ್ದಲು ಹತ್ತಿದೆಯಾ, ಬೀದಿಯ ನೀರು ಒಳಕ್ಕೆ ನುಗ್ಗುತ್ತಾ ನೋಡಿ. ನೆಲ ತೇವ ಇರುವ ಮನೆಯಲ್ಲಿ ರಾಗಿ ಮೂಟೆ ಎಲ್ಲಿಡುತ್ತೀರಿ? ಹಸು ಕಟ್ಟಲು ಜಾಗ, ತಿಪ್ಪೆಗೆ ಜಾಗ, ಬಾಗಿಲವರೆಗೆ ಗಾಡಿ ಬರುವ ದಾರಿ ಇವನ್ನೆಲ್ಲ ಗಂಡಸರು ಕೇಳದಿದ್ದರೂ ನೀವು ಕೇಳಿ. ಆ ದಾರಿ ಪಕ್ಕದವರ ಹಿತ್ತಲಲ್ಲಿ ಹಾದು ಬಂದರೆ ನಾಳೆ ಜಗಳ ಖಂಡಿತ.

ಇನ್ನು ಕಾಗದ. ಛಾಪಾ ಕಾಗದದ ಮೇಲೆ ಬರೆದು ಸಾಕ್ಷಿ ಹಾಕಿಸಿಕೊಂಡರೆ ಮನೆ ನಮ್ಮದಾಗೋದಿಲ್ಲ. ಉಪನೋಂದಣಿ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆಗಲೇಬೇಕು. ಅದಕ್ಕೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆ 9 ಮತ್ತು 11 ಬೇಕು. ಬರೀ ಪಹಣಿ ತೋರಿಸಿ, ಹೊಲದಲ್ಲಿ ಗುಂಟೆ ಲೆಕ್ಕದಲ್ಲಿ ನಿವೇಶನ ಇದು ಅಂದರೆ ಮುಂಗಡ ಕೊಡಬೇಡಿ. ಋಣಭಾರ ಪತ್ರ, ಅದೇ ಇ.ಸಿ., ತೆಗೆಸಿದರೆ ಮನೆಯ ಮೇಲೆ ನೋಂದಣಿಯಾದ ಅಡಮಾನ ಇದ್ದರೆ ಗೊತ್ತಾಗುತ್ತೆ. ಪಿತ್ರಾರ್ಜಿತ ಮನೆಯಾದರೆ ಅಣ್ಣತಮ್ಮಂದಿರ ಸಹಿ ಸಾಲದು. ಕರ್ನಾಟಕದಲ್ಲಿ 1994ರಲ್ಲೂ, ದೇಶಕ್ಕೆಲ್ಲ 2005ರಲ್ಲೂ ಬಂದ ತಿದ್ದುಪಡಿಗಳಿಂದ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೂ ಅದರಲ್ಲಿ ಪಾಲಿದೆ. ಅವರ ಸಹಿ ಇಲ್ಲದ ಮನೆ ನಾಳೆ ನ್ಯಾಯಾಲಯ ಹತ್ತಬಹುದು. ನಾವೂ ಯಾರೋ ಮನೆಯ ಹೆಣ್ಣುಮಕ್ಕಳೇ ಅಲ್ಲವೇ, ಅವರ ಪಾಲು ನುಂಗಿದ ಮನೆ ನಮಗೇಕೆ? ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಕಾಯ್ದೆ ಪ್ರಕಾರ ಆ ಕ್ರಯ ಊರ್ಜಿತವಲ್ಲ, ಜಮೀನು ಅವರಿಗೇ ವಾಪಸ್ ಹೋಗುತ್ತೆ.

ನೋಂದಣಿ ಖರ್ಚನ್ನು ಮರೆಯುವವರೇ ಹೆಚ್ಚು. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ನೂರಕ್ಕೆ ಒಂದರಿಂದ ಎರಡು ರೂಪಾಯಿ ಆಗಿದೆ. ಮುದ್ರಾಂಕ ಶುಲ್ಕ, ಸೆಸ್ಸು ಎಲ್ಲ ಸೇರಿ ನೂರಕ್ಕೆ ಏಳೂವರೆಗಿಂತ ಸ್ವಲ್ಪ ಮೇಲೆ. ಆರು ಲಕ್ಷದ ಮನೆಗೆ ಸುಮಾರು 46 ಸಾವಿರ.

ಸಾಲದ ವಿಷಯಕ್ಕೆ ಬರೋಣ. ಸೊಸೈಟಿಯ ಬೆಳೆಸಾಲ ತೆಗೆದು ಮನೆಗೆ ಹಾಕಬೇಡಿ. 2023-24ರಿಂದ ಬಡ್ಡಿಯಿಲ್ಲದ ಬೆಳೆಸಾಲದ ಮಿತಿ ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿತು ನಿಜ, ಆದರೆ ಗಡುವಿಗೆ ಕಟ್ಟಿದವರಿಗೆ ಮಾತ್ರ ಬಡ್ಡಿ ಇಲ್ಲ. ಹೊಲಕ್ಕೆ ಹೋಗದ ಸಾಲವನ್ನು ಹೊಲ ಹೇಗೆ ತೀರಿಸುತ್ತೆ? ಸಂಘದ ಮೂಲಕ ತೆಗೆದರೆ ತಿಂಗಳ ಕಂತು. ಎರಡು ಲಕ್ಷ, ನೂರಕ್ಕೆ 12ರ ಬಡ್ಡಿ, ಮೂರು ವರ್ಷ ಅಂದರೆ ತಿಂಗಳಿಗೆ ಸುಮಾರು 6,640 ರೂಪಾಯಿ. ನಮ್ಮ ಫಸಲಿನ ಹಣ ಬರೋದು ವರ್ಷಕ್ಕೆ ಒಂದೋ ಎರಡೋ ಸಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ಕಂತು, 26 ಸಾವಿರದ ಮೇಲೆ, ಎಲ್ಲಿಂದ ತರುತ್ತೀರಿ? ಹಾಲಿನ ಹಣ ಇದ್ದರೆ ಸರಿ. ಇಲ್ಲವಾದರೆ ಸುಗ್ಗಿಯಲ್ಲೇ ಆ ನಾಲ್ಕು ಕಂತನ್ನು ಖಾತೆಯಲ್ಲಿ ಬೇರೆ ಇಟ್ಟುಬಿಡಿ. ಒಬ್ಬಳ ಕಂತು ನಿಂತರೆ ಸಂಘದ ಇಪ್ಪತ್ತು ಜನರ ಮುಂದಿನ ಸಾಲವೂ ನಿಲ್ಲುತ್ತೆ, ಎದುರುಬದುರು ಮಾತು ನಿಲ್ಲುತ್ತೆ. ಬ್ಯಾಂಕಿನಿಂದ ಮನೆ ಸಾಲ ತೆಗೆಯುವವರು ಆರು ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಫಸಲು ನೋಡಿಕೊಂಡು ಕಟ್ಟುವ ಕಂತು ಸಿಗುತ್ತಾ ಅಂತ ಬಾಯಿಬಿಟ್ಟು ಕೇಳಿ. ರೈತರಿಗೆ ಹಾಗೆ ಕೊಡುವ ಬ್ಯಾಂಕುಗಳು ಇವೆ.

ಕ್ರಯಪತ್ರದಲ್ಲಿ ನಿಮ್ಮ ಹೆಸರೂ ಇರಲಿ. ಗಂಡ ಹೆಂಡತಿ ಇಬ್ಬರೂ ಸೇರಿ ಕೊಂಡರೆ ಶುಲ್ಕವೇನೂ ಹೆಚ್ಚಾಗೋದಿಲ್ಲ. ಸಾಲ ನಿಮ್ಮ ಹೆಸರಲ್ಲಿ, ಕಂತು ಕಟ್ಟುವವರು ನೀವು, ಮನೆ ಮಾತ್ರ ಅವರೊಬ್ಬರ ಹೆಸರಲ್ಲಿ ಅಂದರೆ ಹೇಗೆ? ನೋಂದಣಿ ಆದ ಮೇಲೆ ಪಂಚಾಯಿತಿ ಖಾತೆಯಲ್ಲೂ ಎರಡು ಹೆಸರು ಏರಿಸಿಕೊಳ್ಳಿ.

ಈಗಾಗಲೇ ಸ್ವಂತ ಮನೆ ಇರುವವರು ಮುಂದಿನ ಸಭೆಗೆ ಕಂದಾಯ ರಸೀದಿ, ನಮೂನೆ 9 ತನ್ನಿ. ಯಾರ್‍ಯಾರ ಹೆಸರಿದೆ, ಕೂತು ಓದೋಣ.