ಆಕಾಶ ಶುಭ್ರವಾಗಿದೆ, ವಿಮಾನ ಏರ್ತಿಲ್ಲ

ವಾಕಡದಲ್ಲಿ ಹಗಲೆಲ್ಲ ಕೋಡ್ ಬರೆದು, ರಾತ್ರಿ ಡಿಜಿಸಿಎ ಹವಾಮಾನ ಪೇಪರ್‌ಗೆ ಓದೋರು ಇಲ್ಲೂ ಇದೀರಿ. ಗುಡುಗಿನ ಮೋಡ, ಮಂಜು ಎಲ್ಲ ಓದಿರ್ತೀರಿ. ನಾನು ಹೇಳೋದು ಮೋಡವೇ ಇಲ್ಲದ ದಿನದ ಬಗ್ಗೆ.

ಬೆಂಗಳೂರಿನ ಜಕ್ಕೂರಿಂದ ಸೆಸ್ನಾ 172ರಲ್ಲಿ ಹೊರಟಿದ್ದೀರಿ ಅಂತಿಟ್ಕೊಳ್ಳಿ. ಏಪ್ರಿಲ್ ಮಧ್ಯಾಹ್ನ. ಮೆಟಾರ್‌ನಲ್ಲಿ ‘ಕ್ಯಾವೋಕ್’ ಅಂತಿದೆ. ನೋಟ 10 ಕಿ.ಮೀ. ಮೇಲೆ, 5,000 ಅಡಿ ಕೆಳಗೆ ಮೋಡವಿಲ್ಲ. ಖುಷಿಯಾಗುತ್ತೆ. ಪಕ್ಕದಲ್ಲೇ ಇನ್ನೆರಡು ಅಂಕಿ ಇವೆ: ಉಷ್ಣಾಂಶ 35, ಕ್ಯೂಎನ್‌ಎಚ್ 1013. ಅಪಾಯ ಇರೋದು ಅಲ್ಲಿ.

ಜಕ್ಕೂರು ಸುಮಾರು 3,000 ಅಡಿ ಎತ್ತರದಲ್ಲಿದೆ. ಆ ಎತ್ತರಕ್ಕೆ ಪ್ರಮಾಣಿತ ಉಷ್ಣಾಂಶ 9 ಡಿಗ್ರಿ. ಈಗ 26 ಡಿಗ್ರಿ ಹೆಚ್ಚು. ಡಿಗ್ರಿಗೆ 120 ಅಡಿ ಲೆಕ್ಕದಲ್ಲಿ 3,120 ಸೇರಿಸಿ. ನೀವು ನಿಂತಿರೋದು ರನ್‌ವೇ ಮೇಲೆ, ವಿಮಾನಕ್ಕೆ ಮಾತ್ರ 6,100 ಅಡಿ ಮೇಲಿನ ತೆಳು ಗಾಳಿ! ಇದೇ ಡೆನ್ಸಿಟಿ ಆಲ್ಟಿಟ್ಯೂಡ್.

ಟರ್ಬೊ ಇಲ್ಲದ ಇಂಜಿನ್ ಹತ್ತಿರಹತ್ತಿರ ಐದನೇ ಒಂದು ಭಾಗ ಶಕ್ತಿ ಕಳ್ಕೊಳ್ಳುತ್ತೆ. ಸ್ಪೀಡ್ ಮೀಟರ್ ಎಂದಿನ ಅಂಕಿಯನ್ನೇ ತೋರಿಸುತ್ತೆ, ಆದ್ರೆ ಚಕ್ರ ಅದಕ್ಕಿಂತ ಜೋರಾಗಿ ಓಡ್ತಿರುತ್ತೆ. ರನ್‌ವೇ ಬೇಗ ಮುಗಿಯುತ್ತೆ. ಆಗ ಗಾಬರಿಯಲ್ಲಿ ಮೂಗು ಎತ್ತಿದ್ರೆ ಸ್ಟಾಲ್. ಹಾಗಾಗಿ ಮೊದಲೇ ಮ್ಯಾನ್ಯುಯಲ್‌ನ ಟೇಕಾಫ್ ಕೋಷ್ಟಕ ನೋಡಿ. ಭಾರ ಇಳಿಸಿ, ಇಲ್ಲ ಬೆಳಗಿನ ತಂಪಲ್ಲಿ ಹಾರಿ. ಗೆಳೆಯರನ್ನ ಕೂರಿಸ್ಕೊಂಡು ಹೋಗೋ ಆಸೆ ಇದ್ರಂತೂ ನೋಡ್ಲೇಬೇಕು.

ಪುಣೆಗೂ ಲೆಕ್ಕ ಹಾಕಿ. ಲೋಹಗಾಂವ್ ಸುಮಾರು 1,900 ಅಡಿ, ಕ್ಯೂಎನ್‌ಎಚ್ ಅದೇ, ಉಷ್ಣಾಂಶ 40. ನನಗೆ ಬಂದದ್ದು 5,300ರ ಆಸುಪಾಸು.