ಒಂದು ಅಕ್ಷರ, ಹಲವು ಉಚ್ಚಾರ: ‘ಚೆನ್’ ಎಂಬ ಮನೆತನದ ಹೆಸರು

(ಶಾಲೆಯ ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕನ್ನಡ ಶಾಲೆಯ ಈ ವೇದಿಕೆಯಿಂದ ಚೀನಾ ದೇಶದ ಅಡ್ಡಹೆಸರೊಂದರ ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಮನೆಯಲ್ಲಿ ಒಂದು ನುಡಿ, ಕಚೇರಿಯಲ್ಲಿ ಮತ್ತೊಂದು ನುಡಿ, ಕಾಗದಪತ್ರಗಳಲ್ಲಿ ಬೇರೊಂದು ಲಿಪಿಯಲ್ಲಿ ನಮ್ಮ ಹೆಸರು – ಇದು ಈ ಭಾಗದ ಪ್ರತಿ ಮನೆಗೂ ತಿಳಿದ ಸಂಗತಿ. ಇದನ್ನೇ ಹತ್ತಾರು ದೇಶಗಳಲ್ಲಿ, ಶತಮಾನಗಳ ಕಾಲ ಅನುಭವಿಸಿದ ಹೆಸರು ‘ಚೆನ್’. ಚೀನಾದ ಅಡ್ಡಹೆಸರುಗಳಲ್ಲಿ ಇದು ಸಂಖ್ಯೆಯಿಂದ 5ನೆಯದು, ತೈವಾನಿನಲ್ಲಿ ಮೊದಲನೆಯದು.

ಈ ಮನೆತನದ ಒಬ್ಬರನ್ನು ನಾವೆಲ್ಲರೂ ಇತಿಹಾಸದ ಪಾಠದಲ್ಲಿ ಓದಿದ್ದೇವೆ. 7ನೆಯ ಶತಮಾನದಲ್ಲಿ ಭಾರತಕ್ಕೆ ಬಂದು, ಚಾಲುಕ್ಯ ಚಕ್ರವರ್ತಿ ಇಮ್ಮಡಿ ಪುಲಕೇಶಿಯ ನಾಡನ್ನೂ ಅಲ್ಲಿಯ ಜನರ ಶೌರ್ಯವನ್ನೂ ವರ್ಣಿಸಿದ ಯಾತ್ರಿಕ ಹ್ಯುಯೆನ್‌ತ್ಸಾಂಗ್ ಭಿಕ್ಷುವಾಗುವ ಮೊದಲು ಚೆನ್ ಮನೆತನದ ಹುಡುಗ. ಅವನು ಹುಟ್ಟಿದ ಹೆನಾನ್ ಪ್ರಾಂತವೇ ಈ ಹೆಸರಿನ ತವರೂ ಹೌದು.

ಕ್ರಿ.ಪೂ. 11ನೆಯ ಶತಮಾನದಲ್ಲಿ ಝೌ ವಂಶದವರು ಶಾಂಗ್ ವಂಶವನ್ನು ಸೋಲಿಸಿ ಅಧಿಕಾರಕ್ಕೆ ಬಂದರು. ಪುರಾಣಪ್ರಸಿದ್ಧ ದೊರೆ ಶುನ್‌ನ ಸಂತತಿಯವನೆನಿಸಿದ ಮಾನ್ ಎಂಬುವನಿಗೆ ಇಂದಿನ ಹುವಾಯ್‌ಯಾಂಗ್ ಸುತ್ತಲಿನ ನೆಲವನ್ನು ಅವರು ಆಳಲು ಕೊಟ್ಟರು. ಆ ರಾಜ್ಯದ ಹೆಸರು ಚೆನ್. ಐದಾರು ಶತಮಾನ ಬಾಳಿದ ಆ ಚಿಕ್ಕ ರಾಜ್ಯವನ್ನು ಕ್ರಿ.ಪೂ. 5ನೆಯ ಶತಮಾನದಲ್ಲಿ ನೆರೆಯ ಚೂ ರಾಜ್ಯ ನುಂಗಿತು. ನೆಲ ಕಳೆದುಕೊಂಡವರು ರಾಜ್ಯದ ಹೆಸರನ್ನೇ ಮನೆತನದ ಹೆಸರಾಗಿ ಉಳಿಸಿಕೊಂಡರು. ಊರು ಬಿಟ್ಟವರಿಗೆ ಊರ ಹೆಸರೇ ಅಡ್ಡಹೆಸರಾಗುವುದು ನಮ್ಮಲ್ಲಿಯೂ ಇರುವ ರೂಢಿ.

ಎಲ್ಲ ಚೆನ್‌ಗಳೂ ಒಂದೇ ರಕ್ತದವರೆಂದು ತಿಳಿಯಬಾರದು. 5ನೆಯ ಶತಮಾನದ ಕೊನೆಯಲ್ಲಿ ಉತ್ತರ ವೇಯಿ ವಂಶದ ಅರಸನು ತನ್ನ ಷಿಯೆನ್‌ಬೇ ಜನರು ಚೀನೀ ಹೆಸರುಗಳನ್ನು ತಾಳಬೇಕೆಂದು ಆಜ್ಞಾಪಿಸಿದಾಗ, ಹೌಮೋಚೆನ್ ಎಂಬ ಕುಲದವರು ಚೆನ್ ಆದರು. ನಮ್ಮ ಮಕ್ಕಳ ಮೆಚ್ಚಿನ ನಟ ಜಾಕಿ ಚಾನ್ ಅವರ ತಂದೆಯ ಮೂಲ ಅಡ್ಡಹೆಸರು ಫಾಂಗ್. ಯುದ್ಧಕಾಲದ ತೊಂದರೆಗಳ ನಡುವೆ ಅವರು ಹೆಸರನ್ನು ಬದಲಿಸಿಕೊಂಡಿದ್ದರು. ಹೆಸರು ಹುಟ್ಟಿನಿಂದ ಬರುವಂತೆ ಆಶ್ರಯವಾಗಿಯೂ ಬರುತ್ತದೆ.

ಈ ಅಕ್ಷರಕ್ಕೆ ಸಾಲಾಗಿ ಇಡು, ವಿವರಿಸಿ ಹೇಳು, ಹಳೆಯದು ಎಂಬ ಅರ್ಥಗಳೂ ಇವೆ. ಒಣಗಿಸಿ ವರ್ಷಗಟ್ಟಲೆ ಇಟ್ಟ ಕಿತ್ತಳೆಸಿಪ್ಪೆಯನ್ನು ಅಡುಗೆಯಲ್ಲಿಯೂ ಔಷಧದಲ್ಲಿಯೂ ಬಳಸುತ್ತಾರೆ. ಅದರ ಹೆಸರು ‘ಚೆನ್‌ಪಿ’. ಅಕ್ಷರದ ಎಡಭಾಗ ನೋಡಲು ಕಿವಿಯ ಗುರುತಿನಂತಿದೆ, ಬಲಭಾಗ ಪೂರ್ವದಿಕ್ಕನ್ನು ಸೂಚಿಸುವ ಅಕ್ಷರ. ಆದ್ದರಿಂದ ಅಪರಿಚಿತರಿಗೆ ಪರಿಚಯ ಹೇಳುವಾಗ ‘ನಾನು ಕಿವಿ–ಪೂರ್ವದ ಚೆನ್’ ಎನ್ನುವ ವಾಡಿಕೆಯಿದೆ. ಅಲ್ಲಿ ಅಡ್ಡಹೆಸರು ಮೊದಲು, ಸ್ವಂತ ಹೆಸರು ಅನಂತರ. ನಮ್ಮ ಶಾಲೆಯ ಹಾಜರಿಯಲ್ಲಿ ಇರುವಂತೆಯೇ. ಮದುವೆಯಾದ ಹೆಣ್ಣುಮಕ್ಕಳು ಸಾಮಾನ್ಯವಾಗಿ ತವರಿನ ಅಡ್ಡಹೆಸರನ್ನೇ ಉಳಿಸಿಕೊಳ್ಳುತ್ತಾರೆ.

ಈ ಅಕ್ಷರವನ್ನು ಬೀಜಿಂಗಿನವರು ‘ಚೆನ್’ ಎಂದು ಓದಿದರೆ ಹಾಂಗ್‌ಕಾಂಗಿನವರು ‘ಚಾನ್’ ಎನ್ನುತ್ತಾರೆ. ಫೂಜಿಯನ್ ಕರಾವಳಿಯಿಂದ ಸಿಂಗಪುರ, ಮಲಾಕಾಗಳಿಗೆ ಹೋದವರಿಗೆ ಅದು ‘ತಾನ್’. ವಿಯೆಟ್ನಾಮಿನಲ್ಲಿ ‘ಟ್ರಾನ್’, 1225ರಿಂದ 1400ರವರೆಗೆ ಆ ದೇಶವನ್ನು ಆಳಿ, ಮಂಗೋಲರ ದಂಡನ್ನು ಮೂರು ಸಲ ಹಿಮ್ಮೆಟ್ಟಿಸಿದ ರಾಜವಂಶದ ಹೆಸರು ಇದೇ. ಒಬ್ಬರ ಮಾತು ಒಬ್ಬರಿಗೆ ತಿಳಿಯದ ಚೆನ್, ಚಾನ್, ತಾನ್‌ಗಳು ಅಕ್ಷರವನ್ನು ಬರೆದು ತೋರಿಸಿದೊಡನೆ ಒಂದೇ ಹೆಸರಿನವರೆಂದು ತಿಳಿಯುತ್ತಾರೆ. ಆದರೆ ಬರೆಯಲು, ಓದಲು ಕಲಿತಿದ್ದರೆ ಮಾತ್ರ. ಈ ಹೆಸರಿನ ಕಥೆಯಲ್ಲಿ ಶಾಲೆ ಪ್ರವೇಶಿಸುವುದು ಇಲ್ಲಿಯೇ.

ಗ್ವಾಂಗ್‌ಝೌ ನಗರದಲ್ಲಿ, ಆ ಪ್ರಾಂತದ ಹಲವು ಜಿಲ್ಲೆಗಳ ಚೆನ್ ಮನೆತನದವರು ವಂತಿಗೆ ಹಾಕಿ 1890ರ ದಶಕದಲ್ಲಿ ಭವ್ಯವಾದ ವಿದ್ಯಾಮಂದಿರವೊಂದನ್ನು ಕಟ್ಟಿಸಿದರು. ಅಲ್ಲಿ ಪೂರ್ವಜರ ಪೂಜೆ ನಡೆಯುತ್ತಿತ್ತು. ಸರಕಾರಿ ಪರೀಕ್ಷೆಗೆ ಹಳ್ಳಿಗಳಿಂದ ಬಂದ ಮನೆತನದ ಹುಡುಗರಿಗೆ ವಸತಿಯೂ ಇತ್ತು. 1905ರಲ್ಲಿ ಆ ಪರೀಕ್ಷಾಪದ್ಧತಿಯೇ ರದ್ದಾದ ಮೇಲೆ ಕಟ್ಟಡ ಹೊಸ ಬಗೆಯ ಶಾಲೆಯಾಯಿತು. ಇಂದು ಅದು ಜನಪದ ಕಲೆಗಳ ವಸ್ತುಸಂಗ್ರಹಾಲಯ.

ಇದಕ್ಕಿಂತ ದೊಡ್ಡ ಉದಾಹರಣೆ ತಾನ್ ಕಾ ಕೀ. 1874ರಲ್ಲಿ ಫೂಜಿಯನ್ನಿನ ಜಿಮೇ ಗ್ರಾಮದಲ್ಲಿ ಹುಟ್ಟಿ, ಹದಿಹರೆಯದಲ್ಲಿ ಸಿಂಗಪುರಕ್ಕೆ ಹೋಗಿ ರಬ್ಬರ್ ವ್ಯಾಪಾರದಲ್ಲಿ ಸಿರಿವಂತರಾದವರು. ಹುಟ್ಟೂರಿನಲ್ಲಿ 1913ರಿಂದ ಶಾಲೆಗಳನ್ನು ತೆರೆದರು. 1919ರಲ್ಲಿ ಸಿಂಗಪುರದಲ್ಲಿಯೇ ಚೀನೀ ಮಾಧ್ಯಮದ ಪ್ರೌಢಶಾಲೆಯೊಂದನ್ನು ಸ್ಥಾಪಿಸಲು ಮುಂದಾದರು. 1921ರಲ್ಲಿ ಶಿಯಾಮೆನ್ ವಿಶ್ವವಿದ್ಯಾಲಯವನ್ನು ಆರಂಭಿಸಿದರು. 1930ರ ದಶಕದಲ್ಲಿ ವ್ಯಾಪಾರ ಕುಸಿದಾಗಲೂ ಅದರ ಖರ್ಚನ್ನು ನಿಲ್ಲಿಸದೆ, 1937ರಲ್ಲಿ ಅದನ್ನು ಸರಕಾರಕ್ಕೆ ಒಪ್ಪಿಸಿದರು. ನಮ್ಮ ಶಾಲೆಯ ಗೋಡೆಗಳನ್ನು ಎಬ್ಬಿಸಿದ ಹಿರಿಯರ ಕೈಯಲ್ಲಿ ಅಷ್ಟು ಹಣವಿರಲಿಲ್ಲ. ಉದ್ದೇಶ ಮಾತ್ರ ಅದೇ ಆಗಿತ್ತು.

ಶಾಲೆ ಇಲ್ಲವಾದರೆ ಏನಾಗುತ್ತದೆ ಎಂಬುದನ್ನು ಇಂಡೋನೇಷಿಯಾ ತೋರಿಸಿತು. 1966ರಲ್ಲಿ ಅಲ್ಲಿಯ ಚೀನೀ ಮಾಧ್ಯಮದ ಶಾಲೆಗಳು ಮುಚ್ಚಿದವು. ಅದೇ ವರ್ಷ, ಚೀನೀ ಹೆಸರುಗಳನ್ನು ದೇಶೀಯ ಹೆಸರುಗಳಿಗೆ ಬದಲಿಸಿಕೊಳ್ಳಬೇಕೆಂಬ ಸರಕಾರಿ ಒತ್ತಾಯವೂ ಬಂತು. ಅನೇಕ ತಾನ್ ಕುಟುಂಬಗಳು ತನೋತೊ, ಸುತಾಂತೊ, ಹರ್ತಾಂತೊ ಎಂಬಂಥ ಹೆಸರುಗಳನ್ನು ಆಯ್ದುಕೊಂಡವು. ಹೊಸ ಹೆಸರಿನ ಒಡಲಲ್ಲಿ ‘ತಾನ್’ ಎಂಬ ಧ್ವನಿಯನ್ನು ಅಡಗಿಸಿಟ್ಟರು. ಧ್ವನಿ ಉಳಿಯಿತು, ಅಕ್ಷರವನ್ನು ಓದಬಲ್ಲ ಮಕ್ಕಳು ಕಡಿಮೆಯಾದರು.

ಸಿಂಗಪುರದಲ್ಲಿ ಇನ್ನೊಂದು ಬಗೆಯ ತೊಡಕು. 1980ರ ದಶಕದಲ್ಲಿ ಶಾಲೆಗಳಲ್ಲಿ ಮಕ್ಕಳ ಹೆಸರನ್ನು ಮ್ಯಾಂಡರಿನ್ ಉಚ್ಚಾರದಂತೆ ಬರೆಯುವ ಕ್ರಮ ಬಂತು. ತಂದೆ ತಾನ್, ಮಗ ಚೆನ್! ಅಕ್ಷರ ಒಂದೇ ಎಂದು ತಿಳಿದಿದ್ದರೂ ಹಲವು ಪಾಲಕರು ಇದನ್ನು ಒಪ್ಪಲಿಲ್ಲ. ಅಜ್ಜನ ಬಾಯಲ್ಲಿ ಕೇಳಿದ ಧ್ವನಿಯೂ ಹೆಸರಿನ ಭಾಗವೆಂದು ಅವರು ಭಾವಿಸಿದರು.

ಇನ್ನು ನಮ್ಮ ಮಾತು. ಚೆನ್‌ಗಳು ಕಡಲು ದಾಟಿ ಹೋದರು. ನಾವು ಇದ್ದಲ್ಲಿಯೇ ಇದ್ದೇವೆ, ರಾಜ್ಯಗಳ ಗೆರೆ ನಮ್ಮ ಸುತ್ತ ಬದಲಾಯಿತು. ಮರಾಠಿ ಬರೆಯುವ ದೇವನಾಗರಿಯಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಬೇರೆ ಗುರುತಿಲ್ಲ. ಆದ್ದರಿಂದ ‘ಹೊಸಮನಿ’ ಅಲ್ಲಿ ‘ಹೋಸಮನಿ’, ‘ಮೆಣಸಿನಕಾಯಿ’ ‘ಮೇಣಸಿನಕಾಯಿ’. ಇದು ಮರಾಠಿಯ ತಪ್ಪಲ್ಲ. ಆ ನುಡಿಗೆ ಈ ಭೇದ ಬೇಕಿಲ್ಲ. ನಾವು ಆ ನುಡಿಯನ್ನು ಪ್ರೀತಿಯಿಂದ ಕಲಿತಿದ್ದೇವೆ, ಅದರಿಂದ ಅನ್ನ ಉಂಡಿದ್ದೇವೆ. ಆದರೆ ಎಂದೋ ಹೊಸದೊಂದು ಮನೆ ಕಟ್ಟಿಕೊಂಡ ಹಿರಿಯರ ನೆನಪು ಆ ಹೆಸರಿನಲ್ಲಿದೆ ಎಂಬುದು ಕನ್ನಡ ಓದಬಲ್ಲ ಮಗುವಿಗೆ ಮಾತ್ರ ಹೊಳೆಯುತ್ತದೆ. ಕನ್ನಡ ಬಾರದ ಮೊಮ್ಮಗನಿಗೆ ಅದು ಅರ್ಥವಿಲ್ಲದ ನಾಲ್ಕು ಅಕ್ಷರ.

ಪಾಲಕರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ವಿನಂತಿ ಇಷ್ಟೆ. ಮುಂದಿನ ಜೂನ್‌ನಲ್ಲಿ ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂದು ಯೋಚಿಸುವಾಗ ಈ ಅಂಗಳವನ್ನೂ ನೆನೆಯಿರಿ. ಪುಣೆ, ಮುಂಬಯಿಗಳಲ್ಲಿ ನೆಲೆಸಿರುವವರು ರಜೆಗೆ ಬಂದಾಗ ಮಕ್ಕಳನ್ನು ಇಲ್ಲಿಗೆ ಕರೆತನ್ನಿ. ಅವರ ಪೂರ್ತಿ ಹೆಸರನ್ನು ಕನ್ನಡದಲ್ಲಿ ಅವರ ಕೈಯಿಂದಲೇ ಕರಿಹಲಗೆಯ ಮೇಲೆ ಬರೆಯಿಸಿ, ಅದರ ಅರ್ಥ ಹೇಳಿ. ಗುರುಗಳು ಸುಣ್ಣದ ಕಡ್ಡಿ ಕೊಡಲು ಸಿದ್ಧರಿದ್ದಾರೆ.